ಕೆಂಪು ಬಾವುಟದಾಚೆ – ಕಂತು ೭: ಜೋಡಿ ಸಿಗದ ಮೂವತ್ತೊಂದು ಚಿಪ್ಪು

ಇನ್ನೂರ ಹನ್ನೆರಡನೆಯದೂ ಕೂಡಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಸ್ವರ್ಣಲತಾ ಆ ಅರ್ಧ ಚಿಪ್ಪನ್ನು ಎಡಗಡೆಯ ರಾಶಿಗೆ ಹಾಕಿ, ಗೋಣಿಚೀಲದಿಂದ ಇನ್ನೊಂದನ್ನು ಎತ್ತಿಕೊಂಡರು. ಮೇಜಿನ ಮೇಲೆ ಹಳೆಯ ಪೇಪರು ಹಾಸಿತ್ತು. ಬಲಗಡೆ ಮೂವತ್ತೊಂದು ಅರ್ಧ ಚಿಪ್ಪುಗಳು, ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಬರೆದ ಸಂಖ್ಯೆ. ಬ್ಯಾಪ್ಟಿಸ್ಟ್ ಕುವೆಲ್ಲೊ ಕೊನೆಯದಾಗಿ ಉಂಡ ಮರುವಾಯಿ ಸುಕ್ಕದಲ್ಲಿ, ಹೊಳೆಯ ಚಿಪ್ಪುಮೀನಿನ ಒಣ ಪಲ್ಯದಲ್ಲಿ, ಇದ್ದವು ಅವೇ.

"ಚಿಪ್ಪು ಎಣಿಸ್ಲಿಕ್ಕೆ ಸರ್ಕಾರ ಸಂಬಳ ಕೊಡ್ತದಾ ಮೇಡಂ?" ಎಂದರು ಗೋಡೆ ಬದಿಯ ಬೆಂಚಿನಲ್ಲಿ ಕುಳಿತಿದ್ದ ಇಮೆಲ್ಡಾ ಬಾಯಿ.

"ಕೊಡ್ತದೆ. ಬೈಸಿಕೊಳ್ಳುವುದೂ ಅದರಲ್ಲೇ ಸೇರಿದೆ."

ಮರುವಾಯಿ ಸಮಿತಿಯ ಅಧ್ಯಕ್ಷ, ಅರವತ್ತೇಳರ ಬ್ಯಾಪ್ಟಿಸ್ಟ್, ಭಾನುವಾರ ಮಧ್ಯಾಹ್ನ ಊಟ ಮಾಡಿದ್ದರು. ಎರಡು ಗಂಟೆಗೆ ತುಟಿ ಜುಮ್ಮೆಂದಿತು. ಆರಕ್ಕೆ ನಾಲಗೆ ಹೊರಳಲಿಲ್ಲ. ಸೋಮವಾರ ಬೆಳಗಿನ ಜಾವ ಮಣಿಪಾಲದ ಆಸ್ಪತ್ರೆಯಲ್ಲಿ ಉಸಿರು ನಿಂತಿತು. ಈ ದಿನ ಗುರುವಾರ. ಊರು ಒಂದೇ ಹೆಸರು ಹೇಳುತ್ತಿತ್ತು, ಇಮೆಲ್ಡಾ. ಬ್ಯಾಪ್ಟಿಸ್ಟರ ಅಡುಗೆಮನೆಯಲ್ಲಿ ಸಿಕ್ಕಿದ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಕೊರೆದಿದ್ದದ್ದೂ ಅದೇ ಹೆಸರು.

"ಡಬ್ಬಿ ನಿಮ್ಮದೇ ಅಲ್ವಾ ಬಾಯಿ?"

"ಹತ್ತನೇ ಸಲ ಕೇಳ್ತಾ ಇದ್ದೀರಿ. ನನ್ನದೇ. ಹಿಂದಿನ ಭಾನುವಾರ ದಂಡೆಯ ನಾಲ್ಕೈದು ಮನೆಗೆ ಸುಕ್ಕ ಹಾಕಿ ಕಳಿಸಿದ್ದರಲ್ಲಿ ಒಂದು, ಯಾರ ಮನೆಯಿಂದ ವಾಪಸು ಬರ್ಲಿಲ್ಲ ಅಂತ ನೆನಪಿಲ್ಲ. ಈ ಭಾನುವಾರ ನಾನು ಬೆಳಿಗ್ಗೆ ಎಂಟಕ್ಕೇ ಕಟಪಾಡಿಗೆ ಹೋದವಳು. ನಮ್ಮ ಸಂಬಂಧದ ಬ್ರೆಂಡಾಳ ಹೊಸ ಮನೆ ಪ್ರಾರ್ಥನೆ. ಆ ದಿನ ನಾನು ಯಾರಿಗೂ ಎಂತದೂ ಕೊಡ್ಲಿಲ್ಲ."

"ಎಂಟಕ್ಕೆ ಮುಂಚೆ ಕೊಟ್ಟಿರಬಹುದು ಅಂತ ಇನ್ಸ್‌ಪೆಕ್ಟರ್ ಸಾಹೇಬರು ಹೇಳ್ತಾರೆ."

"ಅವರಿಗೆ ಮರುವಾಯಿ ತೊಳೆದು ಗೊತ್ತುಂಟಾ? ಮರಳು ಬಿಡಿಸ್ಲಿಕ್ಕೇ ಅರ್ಧ ದಿನ ಬೇಕು."

ಸ್ವರ್ಣಲತಾ ಇನ್ನೊಂದು ಚಿಪ್ಪು ಎತ್ತಿಕೊಂಡರು. ಬೆಳ್ಮಣ್ಣಿನ ಗದ್ದೆಬದಿಯಲ್ಲಿ ಬೆಳೆದ ಅವರು ಹೊಳೆಯ ಕೆಲಸ ಕಲಿತದ್ದು ಈ ನಾಲ್ಕು ದಿನಗಳಲ್ಲಿ. ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಇಲ್ಲಿಯ ಮನೆಗಳಲ್ಲಿ ಮರುವಾಯಿಯನ್ನು ಈಳಿಗೆಯಂಥ ಮೆಟ್ಟುಕತ್ತಿಯಲ್ಲಿ ಹಸಿಯಾಗಿಯೇ ಬಿಡಿಸುತ್ತಾರೆ. ಮಾಂಸ ಒಂದು ಅರ್ಧ ಚಿಪ್ಪಿನಲ್ಲಿ ಉಳಿಯುತ್ತದೆ, ಅದು ಒಲೆಗೆ. ಖಾಲಿ ಅರ್ಧ ಗೋಣಿಗೆ. ಎರಡೂ ಅರ್ಧಗಳು ಕೂಡುವ ಜಾಗದಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಒಂದರ ಹಲ್ಲು ಅದರ ಜೋಡಿಯಲ್ಲಿ ಮಾತ್ರ ಸರಿಯಾಗಿ ಕೂರುತ್ತದೆ. ಬೇರೆಯದನ್ನು ಇಟ್ಟರೆ ಅಲ್ಲಾಡುತ್ತದೆ.

ಇಮೆಲ್ಡಾ ಸುಕ್ಕ ಮಾಡಿದ್ದೇ ನಿಜವಾದರೆ ಡಬ್ಬಿಯ ಮೂವತ್ತೊಂದರ ಜೋಡಿ ಅವರ ಮನೆಯ ಗೋಣಿಯಲ್ಲಿರಬೇಕು.

ಎರಡೂಕಾಲಿಗೆ ಗೋಣಿ ಖಾಲಿಯಾಯಿತು. ಮುನ್ನೂರ ನಲವತ್ತರಲ್ಲಿ ಒಂದೂ ಕೂಡಲಿಲ್ಲ.

ಅವರು ಇನ್‌ಸ್ಪೆಕ್ಟರಿಗೆ ಫೋನು ಮಾಡಿದರು.

"ಜೋಡಿ ಸಿಗ್ಲಿಲ್ಲ ಸರ್. ಸುಕ್ಕ ಇಮೆಲ್ಡಾ ಮಾಡಿದ್ದಲ್ಲ."

"ಗೋಣಿಯಲ್ಲಿ ಇಲ್ಲ ಅಂದರೆ ಹೊಳೆಗೆ ಎಸೆದಿರಬಹುದು. ತೆಂಗಿನ ಬುಡಕ್ಕೆ ಹಾಕಿರಬಹುದು. ಕೋರ್ಟಿನಲ್ಲಿ ನಿಂತು ಚಿಪ್ಪು ಜೋಡಿಸಿ ತೋರಿಸ್ತೀರಾ?"

"ಲ್ಯಾಬ್ ವರದಿ ಬರುವವರೆಗಾದರೂ..."

"ಹದಿನೈದು ದಿನ ಕಾಯುವುದಾ? ನಾನು ಉಡುಪಿಯಿಂದ ಐದಕ್ಕೆ ಬರ್ತೇನೆ. ಆರಕ್ಕೆ ಸೂರ್ಯ ಮುಳುಗ್ತಾನೆ, ಆಮೇಲೆ ಹೆಂಗಸನ್ನು ಬಂಧಿಸುವ ಹಾಗಿಲ್ಲ. ಕಾಗದ ರೆಡಿ ಇಡಿ. ನಿರ್ಲಕ್ಷ್ಯದಿಂದ ಸಾವು, ಅಷ್ಟೆ. ಕೊಲೆ ಅಂತ ನಾನು ಹೇಳ್ತಾ ಇಲ್ಲ."

ಫೋನು ಕಟ್ಟಾಯಿತು. ಸಿಟ್ಟಿಗೆ ಕೈಯಲ್ಲಿದ್ದ ಚಿಪ್ಪನ್ನು ಗೋಡೆಗೆ ಎಸೆಯಬೇಕೆನಿಸಿತು. ಅದರ ಮೇಲೆ ಹದಿನಾಲ್ಕು ಎಂದು ಬರೆದಿತ್ತು. ಸಾಕ್ಷ್ಯ. ಎಸೆಯುವ ಹಾಗಿಲ್ಲ.

ಹೆಡ್ ಕಾನ್‌ಸ್ಟೆಬಲ್ ವಿಠಲ ಒಳಗೆ ಬಂದ. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವನು. ಅವನಿಲ್ಲದಿದ್ದರೆ ಆ ದಂಡೆಯ ಮನೆಗಳಲ್ಲಿ ಪೊಲೀಸರಿಗೆ ಒಂದು ಲೋಟ ನೀರೂ ಸಿಗುತ್ತಿರಲಿಲ್ಲ.

"ಬಾಯಿ, ಊಟ. ಅಮ್ಮ ಕಳಿಸಿದ್ದು. ಅನ್ನ, ಬಸಳೆ ಸಾರು."

"ಜಲಜ ಕಳಿಸಿದ್ಳಾ?" ಇಮೆಲ್ಡಾರ ಮುಖ ಬೆಳಿಗ್ಗೆಯಿಂದ ಮೊದಲ ಸಲ ಸಡಿಲವಾಯಿತು. "ನಾವು ಒಟ್ಟಿಗೆ ಹೊಳೆಗೆ ಇಳಿದವರು ಮೇಡಂ. ಇವನು ಹುಟ್ಟುವ ಮುಂಚೆ. ಆದರೆ ಈಗ ಗಂಟಲಲ್ಲಿ ಇಳಿಯುವುದಿಲ್ಲ ಮಗಾ. ಅಲ್ಲಿ ಇಡು."

"ತಿನ್ನಿ ಬಾಯಿ. ಹೆಂಡತಿ ಹೆರಿಗೆಗೆ ಅಂತ ಕಾರ್ಕಳಕ್ಕೆ ಹೋದ ಮೇಲೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನಾನು ತಿನ್ನದ್ದನ್ನೆಲ್ಲ ಅವರು ಊರಿಗೆ ಹಂಚುವುದು."

ಡಬ್ಬಿ ಬೆಂಚಿನ ತುದಿಯಲ್ಲಿ ಉಳಿಯಿತು. ವಿಠಲ ಮೇಜಿನ ಬಳಿ ಬಂದು ಮೂವತ್ತೊಂದು ಚಿಪ್ಪುಗಳಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಮಸಾಲೆಯ ಅರಿಶಿನ ಅದಕ್ಕೆ ಮೆತ್ತಿತ್ತು.

"ಇದನ್ನು ತೊಳೆದಿಲ್ವಾ ಮೇಡಂ?"

"ಲ್ಯಾಬಿಗೆ ಬೇಕಾದದ್ದು ಮಂಗಳವಾರವೇ ಹೋಯ್ತು. ಇವು ತೊಳೆಯಬಹುದು. ಯಾಕೆ?"

ಅವನು ನೀರಿನ ಬಾಟಲಿಯಿಂದ ಸ್ವಲ್ಪ ಸುರಿದು ಹೆಬ್ಬೆರಳಿನಿಂದ ಉಜ್ಜಿದ. ಹಳದಿ ಹೋಗಿ ಕೆಳಗೆ ಕಪ್ಪುಬೂದಿ ಬಣ್ಣ ಬಂತು. ಇಮೆಲ್ಡಾರ ಗೋಣಿಯದೊಂದನ್ನು ಪಕ್ಕದಲ್ಲಿಟ್ಟ. ಅದು ತೆಳು ಕಂದು, ಒಣಗಿದ ಬಿಸ್ಕತ್ತಿನ ಹಾಗೆ.

"ಇದು ಮರಳಿನದ್ದಲ್ಲ ಮೇಡಂ. ಕೆಸರಿನದ್ದು. ನಮ್ಮ ಹೊಳೆಯಲ್ಲಿ ಕೆಸರಿರುವುದು ಅಳಿವೆಯ ಕಡೆ ಮಾತ್ರ. ಕೆಂಪು ಬಾವುಟದಾಚೆ."

ಅಕ್ಟೋಬರ್ ಕೊನೆಯಲ್ಲಿ, ಹೊಳೆ ಸಮುದ್ರ ಸೇರುವ ಆ ಅಳಿವೆಯ ಕಡೆಯ ನೀರು ಕೆಂಪಗೆ ತಿರುಗಿತ್ತು. ಅಂಥ ನೀರಿನಲ್ಲಿ ಬೆಳೆದ ಮರುವಾಯಿಯನ್ನು ಎಷ್ಟು ಬೇಯಿಸಿದರೂ ವಿಷ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿ, ಕೊಕ್ಕೆಕೋಲಿಗೆ ಕೆಂಪು ಬಟ್ಟೆ ಕಟ್ಟಿ ಗಡಿ ನೆಟ್ಟವರು ಬ್ಯಾಪ್ಟಿಸ್ಟರೇ. ಅದರಾಚೆ ಕಾಲಿಟ್ಟವರ ಬಿಲ್ಲೆ ಒಂದು ವರ್ಷ ರದ್ದು. ಬಿಲ್ಲೆ ಎಂದರೆ ಕೊರಳಿಗೆ ಕಟ್ಟಿಕೊಳ್ಳುವ ಒಂದು ತಗಡಿನ ತುಂಡು, ಅದರ ಮೇಲೆ ಒಂದು ನಂಬರು. ಅದಿಲ್ಲದೆ ಈ ಹೊಳೆಯಲ್ಲಿ ಯಾರೂ ಮರುವಾಯಿ ಎತ್ತುವ ಹಾಗಿಲ್ಲ. ನಲವತ್ತು ಮನೆ, ನಲವತ್ತು ಬಿಲ್ಲೆ. ಇಮೆಲ್ಡಾರದ್ದು ಹದಿನೇಳು. ಅದನ್ನು ಸಮಿತಿಯವರು ಸೋಮವಾರ ಮಣ್ಣು ಕೊಡುವ ಮುಂಚೆಯೇ ಕಿತ್ತುಕೊಂಡು ಹೋಗಿದ್ದರು.

"ಬಾಯಿ, ಬ್ಯಾಪ್ಟಿಸ್ಟರು ಶನಿವಾರ ನಿಮ್ಮ ಹತ್ತಿರ ಏನೋ ಹೇಳಿದ್ದರು ಅಂದಿರಿ. ಇನ್ನೊಮ್ಮೆ ಹೇಳಿ."

"'ಒಂದು ಮನೆಯ ಬಿಲ್ಲೆ ತೆಗೀಲಿಕ್ಕುಂಟು ಬಾಯಿ. ಬಾವುಟದಾಚೆ ಇಳಿದದ್ದನ್ನು ನಾನೇ ನೋಡಿದೆ' ಅಂದರು. ಯಾರು ಅಂತ ಕೇಳಿದೆ. 'ಮುಂದಿನ ಭಾನುವಾರ ಮೀಟಿಂಗ್‌ನಲ್ಲಿ ಹೇಳ್ತೇನೆ, ಈಗ ಹೇಳಿದರೆ ನಿಮಗೇ ಬೇಜಾರು' ಅಂದರು."

ಸ್ವರ್ಣಲತಾ ಗಡಿಯಾರ ನೋಡಿದರು. ಬಾವುಟದಾಚೆ ಇಳಿದವರು ಬಿಡಿಸಿದ ಮರುವಾಯಿಯ ಖಾಲಿ ಅರ್ಧಗಳು ಎಲ್ಲಿಗೆ ಹೋಗುತ್ತವೆ?

"ವಿಠಲ, ಖಾಲಿ ಚಿಪ್ಪನ್ನು ಏನು ಮಾಡ್ತಾರೆ? ಎಸೀತಾರಾ?"

"ಎಸೆದರೆ ದಂಡ ಮೇಡಂ. ಎಲ್ಲಾ ಚಿಪ್ಪೂ ಕಡವಿನ ಶೆಡ್ಡಿಗೆ ತಂದು ಕೊಡಬೇಕು, ಮನೆಯ ನಂಬರು ಕಟ್ಟಿದ ಚೀಲದಲ್ಲಿ. ಸಣ್ಣ ಮರುವಾಯಿ ಎತ್ತಿದ್ದಾರಾ ಅಂತ ಸಮಿತಿ ಕಬ್ಬಿಣದ ಬಳೆಯಲ್ಲಿ ಹಾಯಿಸಿ ನೋಡ್ತದೆ. ಬಳೆಯಲ್ಲಿ ತೂರಿದರೆ ಸಣ್ಣದು. ಚೀಲ ಬರ್ಲಿಲ್ಲ ಅಂದರೆ ಭಾನುವಾರ ಸಂಜೆ ಮನೆಗೇ ಬಂದು ಕೇಳ್ತಾರೆ. ಬಾಯಿ ಕಟಪಾಡಿಯಲ್ಲಿದ್ದದ್ದಕ್ಕೇ ಈ ಸಲ ಅವರದ್ದು ಮನೆಯಲ್ಲಿ ಉಳಿದದ್ದು. ಅದು ನಮಗೆ ಹಲ್ಲುಜ್ಜಿದ ಹಾಗೆ, ಯೋಚನೆ ಮಾಡಿ ಮಾಡುವುದಲ್ಲ."

ಸ್ವರ್ಣಲತಾ ಎದ್ದು ನಿಂತರು.

"ಆ ಚೀಲಗಳು ಈಗ ಎಲ್ಲಿವೆ?"

"ಶೆಡ್ಡಿನಲ್ಲಿ. ತಿಂಗಳಿಗೊಮ್ಮೆ ಸುಣ್ಣದ ಭಟ್ಟಿಯ ಲಾರಿ ಬರ್ತದೆ ಕಾರ್ಕಳದಿಂದ." ವಿಠಲನ ಮಾತು ನಿಂತಿತು. "ಇವತ್ತು. ಮೂರು ಗಂಟೆಗೆ."

"ಮೋಕ್ಷಾ," ಸ್ವರ್ಣಲತಾ ಮಹಿಳಾ ಕಾನ್‌ಸ್ಟೆಬಲನ್ನು ಕರೆದರು. "ಬಾಯಿಯ ಹತ್ತಿರ ಕೂತಿರು. ನಾನು ಬರುವವರೆಗೆ ಯಾರು ಹೇಳಿದರೂ ಎಲ್ಲಿಗೂ ಕಳಿಸಬೇಡ. ಅವರಿಗೆ ಊಟ ಮಾಡಿಸು."

*

ದೋಣಿಗಳು ನಿಲ್ಲುವ ಕಡವಿನ ದಾರಿಯಲ್ಲಿ ಜೀಪು ಎರಡು ಕಡೆ ನಿಂತಿತು. ಒಂದು ಕಡೆ ಚರಂಡಿ ಅಗೆದಿದ್ದರು. ಇನ್ನೊಂದು ಕಡೆ ಮದುವೆಯ ಶಾಮಿಯಾನ ಅರ್ಧ ರಸ್ತೆಗೆ ಬಂದಿತ್ತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಹೊಳೆ ಕಂಡಿತು. ಇಳಿತದ ಹೊತ್ತು. ನಡುಹೊಳೆಯ ಮರಳುದಿಬ್ಬದಲ್ಲಿ ಒಬ್ಬರೂ ಇರಲಿಲ್ಲ. ಅಧ್ಯಕ್ಷರು ಸತ್ತ ಮೇಲೆ ಸಮಿತಿ ಏಳು ದಿನ ಹೊಳೆಗೆ ಇಳಿಯಬಾರದೆಂದು ಹೇಳಿತ್ತು, ಯಾರೂ ಇಳಿದಿರಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಸಮಿತಿಯ ಕಾರ್ಯದರ್ಶಿ ತಾರಾನಾಥ ನಿಂತಿದ್ದರು. ಐವತ್ತೈದರ ಆಸುಪಾಸು, ಇಸ್ತ್ರಿ ಹಾಕಿದ ಬಿಳಿ ಶರ್ಟು, ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು. ಅವರ ಹಿಂದೆ ಹಲಗೆಯ ಮೇಲೆ ಸಮಿತಿಯ ಹನ್ನೊಂದು ನಿಯಮಗಳು. ಶೆಡ್ಡಿಗೆ ಬೀಗ.

"ಚೀಲಗಳನ್ನು ನೋಡಬೇಕು," ಎಂದರು ಸ್ವರ್ಣಲತಾ.

"ಆಗ್ಲಿಕ್ಕಿಲ್ಲ ಮೇಡಂ. ಒಂಬತ್ತನೇ ನಿಯಮ ಓದಿ. ಚೀಲ ಬಿಚ್ಚುವಾಗ ಅಧ್ಯಕ್ಷರು ಮತ್ತೆ ಆ ಮನೆಯವರು, ಇಬ್ಬರೂ ಇರಬೇಕು."

"ಅಧ್ಯಕ್ಷರು ಸತ್ತಿದ್ದಾರೆ."

"ಹೌದು. ಹೊಸಬರನ್ನು ಆರಿಸುವವರೆಗೆ ಬಿಚ್ಚುವ ಹಾಗಿಲ್ಲ."

"ಅವರು ಸತ್ತದ್ದಕ್ಕೇ ನಾನು ಬಂದದ್ದು ತಾರಾನಾಥರೇ."

"ಅದು ಗೊತ್ತುಂಟು. ನಿಯಮ ನಾನು ಮಾಡಿದ್ದಲ್ಲ, ಅವರೇ ಮಾಡಿದ್ದು."

"ಬಿಚ್ಚುವ ಹಾಗಿಲ್ಲ ಅಂದರೆ ಲಾರಿಗೆ ಹಾಕುವುದು ಹೇಗೆ?"

"ಲಾರಿಗೆ ಕಟ್ಟಿದ ಹಾಗೆಯೇ ಹೋಗ್ತದೆ. ಅದು ಏಳನೇ ನಿಯಮ."

ಸ್ವರ್ಣಲತಾ ಒಂದು ಕ್ಷಣ ಹಲಗೆಯನ್ನು ನೋಡಿದರು. ಏಳನೆಯದು ಹಾಗೇ ಇತ್ತು. ಅಕ್ಷರಗಳು ಅಚ್ಚುಕಟ್ಟಾಗಿದ್ದವು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಅದು ಅವರ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

"ನಿಮ್ಮ ಹಲಗೆಗಿಂತ ದೊಡ್ಡ ಕಾನೂನು ಒಂದುಂಟು. ಇಬ್ಬರು ಪಂಚರನ್ನು ಸಾಕ್ಷಿಗೆ ನಿಲ್ಲಿಸಿ, ಮೊಬೈಲಿನಲ್ಲಿ ಚಿತ್ರೀಕರಣ ಮಾಡಿ ನಾನು ಬೀಗ ಒಡೆಯಬಹುದು."

"ಒಡೀರಿ. ಪಂಚರು ಯಾರು?"

ಕಡವಿನ ಬದಿಯ ಚಹಾದಂಗಡಿಯಲ್ಲಿ ಐದಾರು ಜನರಿದ್ದರು. ಸ್ವರ್ಣಲತಾ ತಿರುಗಿ ನೋಡಿದಾಗ ಇಬ್ಬರಿಗೆ ಒಮ್ಮೆಲೇ ಫೋನು ಬಂತು. ಒಬ್ಬರು ದೋಣಿಯ ಹಗ್ಗ ಬಿಗಿಮಾಡಲು ಹೋದರು. ಅಂಗಡಿಯ ಹೆಂಗಸು ಗ್ಯಾಸು ಆರಿಸಿ ಒಳಗೆ ನಡೆದರು.

ಪಂಚರಾಗಲು ಒಪ್ಪದಿರುವುದೂ ಅಪರಾಧವೇ. ಆದರೆ ಲಿಖಿತ ಆದೇಶ ಕೊಟ್ಟು, ಅವರು ಒಪ್ಪದೆ, ಅದನ್ನು ಬರೆದುಕೊಂಡು ಮುಗಿಸುವಷ್ಟರಲ್ಲಿ ಚೀಲಗಳು ಭಟ್ಟಿಯ ಬೆಂಕಿಯಲ್ಲಿರುತ್ತವೆ.

ತಾರಾನಾಥ ಈಗ ಅವರನ್ನು ಬಿಟ್ಟು ವಿಠಲನ ಕಡೆ ತಿರುಗಿದರು. ಮೇಡಂ ಜೊತೆ ಕನ್ನಡ, ವಿಠಲನ ಜೊತೆ ತುಳು. ಸ್ವರ್ಣಲತಾರ ಮನೆಮಾತೂ ತುಳುವೇ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ದಾನೆ ಮಾರಾಯ, ಎಂತ ಇದು ವಿಠಲ, ನೀನಾದರೂ ಹೇಳಬಾರದಾ? ಕರಕೊಂಡು ಹೋಗು ಇವರನ್ನು. ಇದು ನಿನಗೆ ಬೇಡ."

"ನಂಗೆ ಬೇಡ ಅಂದರೆ ಹೇಗೆ ತಾರಾನಾಥಣ್ಣ? ಇಮೆಲ್ಡಾ ಬಾಯಿ ಅಲ್ಲಿ ಕೂತಿದ್ದಾರೆ."

"ನಾನು ನಿನ್ನ ಒಳ್ಳೇದಕ್ಕೆ ಹೇಳುವುದು."

"ನನ್ನ ಹತ್ತಿರ ಹೇಳಿ," ಸ್ವರ್ಣಲತಾ ತುಳುವಿನಲ್ಲೇ ನಡುವೆ ಬಂದರು. "ಶೆಡ್ಡಿನಲ್ಲಿ ಕಪ್ಪು ಚಿಪ್ಪಿನ ಚೀಲ ಉಂಟು. ಅಲ್ವಾ?"

ತಾರಾನಾಥ ಬೀಗದ ಮುಂದೆ ಸರಿದು ನಿಂತರು.

"ನೀವು ಚೀಲ ತೆಗೆದುಕೊಳ್ಳುವಾಗ ಬಳೆ ಹಾಯಿಸಿ ನೋಡ್ತೀರಿ. ಕೆಸರಿನ ಚಿಪ್ಪು ನಿಮ್ಮ ಕಣ್ಣಿಗೆ ಬಿದ್ದಿರ್ಲೇಬೇಕು. ಯಾವತ್ತು ನೋಡಿದಿರಿ?"

ತಾರಾನಾಥ ಹಲಗೆಯ ಕಡೆ ತಿರುಗಿದರು.

"ಭಾನುವಾರ ಸಂಜೆಯೇ ನೋಡಿದಿರಿ. ಸೋಮವಾರ ಬ್ಯಾಪ್ಟಿಸ್ಟರು ಸತ್ತರು. ಅವತ್ತೇ ನೀವು ಹೋಗಿ ಇಮೆಲ್ಡಾರ ಬಿಲ್ಲೆ ಕಿತ್ತುಕೊಂಡಿರಿ. ಹದಿನೇಳನೇ ಚೀಲ ಅಲ್ಲ ಅಂತ ಗೊತ್ತಿದ್ದೂ!"

"ಮೆಲ್ಲ ಮಾತಾಡಿ ಮೇಡಂ."

"ಯಾಕೆ ಮೆಲ್ಲ? ನಾಲ್ಕು ದಿನದಿಂದ ಈ ಹೊಳೆಯ ಬದಿಯಲ್ಲಿ ಎಲ್ಲರೂ ಮೆಲ್ಲ ಮಾತಾಡಿದ್ದೇ ಆಯ್ತು."

ತಾರಾನಾಥ ಜೇಬಿನಿಂದ ಕೆಂಪು ಪೆನ್ನು ತೆಗೆದು, ನೋಡಿ, ಮತ್ತೆ ಒಳಗಿಟ್ಟರು. ಮಾತನಾಡಿದಾಗ ಸ್ವರ ತಗ್ಗಿತ್ತು.

"ಕೇಳಿ. ಸಮಿತಿಯವರೇ ಬಾವುಟದಾಚೆ ಇಳಿದರು ಅಂತ ಪೇಪರಿನಲ್ಲಿ ಬಂದರೆ ಮೀನುಗಾರಿಕೆ ಇಲಾಖೆಯವರು ಎಂತ ಮಾಡ್ತಾರೆ? ಇಡೀ ಹೊಳೆ ಮುಚ್ಚುತ್ತಾರೆ. ಒಂದು ಬಿಲ್ಲೆ ಹೋದರೆ ಒಂದು ಮನೆ. ಹೊಳೆ ಮುಚ್ಚಿದರೆ ನಲವತ್ತು ಮನೆ. ಇಮೆಲ್ಡಾ ಬಾಯಿ ತಪ್ಪಾಗಿ ಎಲ್ಲಿಂದಲೋ ತಂದು ಬೇಯಿಸಿದರು ಅಂತಾದರೆ, ಅವರಿಗೆ ಜಾಮೀನು ಸಿಗ್ತದೆ. ವಕೀಲರ ಖರ್ಚು ಸಮಿತಿಯೇ ನೋಡಿಕೊಳ್ತದೆ ಅಂತ ನಾವು ಮಾತಾಡಿದ್ದೇವೆ."

"ಅವರ ಹತ್ತಿರ ಮಾತಾಡಿದ್ದೀರಾ?"

"ಇಲ್ಲ."

"ಅವರಿಗೆ ಅರವತ್ತೆರಡು. ಸ್ನೇಹಿತನನ್ನು ಕೊಂದವಳು ಅನ್ನುವ ಹೆಸರು ಹೊತ್ತು ಈ ಕಡವಿಗೆ ಇನ್ನೊಮ್ಮೆ ಬರಬೇಕು. ಅದಕ್ಕೆ ಎಷ್ಟನೇ ನಿಯಮ?"

ತಾರಾನಾಥ ಹೊಳೆಯ ಕಡೆ ನೋಡಿದರು.

ಹಾರ್ನು ಕೇಳಿಸಿತು. ಸುಣ್ಣದ ಪುಡಿಯಿಂದ ಬೆಳ್ಳಗಾಗಿದ್ದ ಲಾರಿಯೊಂದು ಹಿಂದಕ್ಕೆ ಹಿಂದಕ್ಕೆ ಬಂದು ಶೆಡ್ಡಿನ ಮುಂದೆ ನಿಂತಿತು. ಡ್ರೈವರ್ ಇಳಿದ, ಐವತ್ತು ದಾಟಿದ ಗಟ್ಟಿ ಆಳು.

"ಎಂತ ಸೆಕ್ರೆಟ್ರಿ, ಈ ಸಲ ಪೊಲೀಸ್ ಬಂದೋಬಸ್ತು? ಚಿಪ್ಪಿನಲ್ಲಿ ಮುತ್ತು ಸಿಕ್ಕಿತಾ?"

ಸ್ವರ್ಣಲತಾ ಅವನ ಕಡೆ ತಿರುಗಿದರು. ಬೆಳಿಗ್ಗೆಯಿಂದ ಮೊದಲ ಸಲ ಅವರಿಗೆ ನಗು ಬಂತು. ಸ್ಥಳೀಯರು ಒಪ್ಪದಿದ್ದರೆ ಪಂಚರು ಬೇರೆ ಊರಿನವರಾಗಬಹುದು. ಕಾನೂನಿನಲ್ಲಿ ಹಾಗೆಯೇ ಇದೆ.

"ನಿಮ್ಮ ಹೆಸರು?"

"ರೊಸಾರಿಯೊ. ಕಾರ್ಕಳ. ಲೈಸೆನ್ಸ್ ಉಂಟು ಮೇಡಂ, ಇನ್ಶೂರೆನ್ಸ್ ಮಾತ್ರ ಮನೆಯಲ್ಲಿ."

"ಇನ್ಶೂರೆನ್ಸ್ ನಾನು ಕೇಳುವುದಿಲ್ಲ. ಜೊತೆಗೆ ಯಾರಿದ್ದಾರೆ?"

"ಪ್ರತೀಕ್, ಲೋಡಿಂಗಿನವನು. ಒಳ್ಳೆಯವನು, ಕೆಲಸ ಮಾತ್ರ ಮಾಡುವುದಿಲ್ಲ."

"ಇಬ್ಬರೂ ಇಲ್ಲಿ ನಿಂತು ನೋಡಬೇಕು. ನೋಡಿದ್ದಕ್ಕೆ ಸಹಿ ಹಾಕಬೇಕು. ಅಷ್ಟೆ."

"ನೋಡ್ಲಿಕ್ಕೆ ಅಡ್ಡಿಯಿಲ್ಲ. ಎತ್ತುವುದಕ್ಕಿಂತ ಸುಲಭ."

ತಾರಾನಾಥ ಬೀಗದ ಕೈ ತೆಗೆದು ಕೊಟ್ಟರು. ಕೊಡುವಾಗಲೂ ನೋಡಿದ್ದು ವಿಠಲನನ್ನೇ.

"ಹುಡುಕಿ ಮೇಡಂ. ಸಿಕ್ಕಿದ ಮೇಲೆ ನನಗೆ ಬೈಯಬೇಡಿ."

*

ಒಳಗೆ ಉಪ್ಪಿನ ಮತ್ತು ಕೊಳೆತ ಮಾಂಸದ ವಾಸನೆ. ಮೂರು ಸಾಲಿನಲ್ಲಿ ಚೀಲಗಳು, ಒಂದೊಂದರ ಬಾಯಿಗೂ ದಾರದಲ್ಲಿ ಕಟ್ಟಿದ ರ‍ಟ್ಟಿನ ಚೂರು. ಅದರ ಮೇಲೆ ತಾರಾನಾಥರ ಅಕ್ಷರದಲ್ಲಿ ಮನೆಯ ನಂಬರು, ಕೊನೆಯದಾಗಿ ಚಿಪ್ಪು ಹಾಕಿದ ದಿನ.

ವಿಠಲ ಮೊಬೈಲು ಹಿಡಿದು ಚಿತ್ರೀಕರಣ ಶುರು ಮಾಡಿದ. ಸ್ವರ್ಣಲತಾ ದಿನ, ಗಂಟೆ, ಜಾಗ, ಇದ್ದವರ ಹೆಸರು ಗಟ್ಟಿಯಾಗಿ ಹೇಳಿದರು. ಮೂರು ಗಂಟೆ ಹದಿನೆಂಟು ನಿಮಿಷ.

ನಂಬರು ನೋಡಿ ಆರಿಸುವುದಿಲ್ಲ, ಬಾಗಿಲಿನ ಕಡೆಯಿಂದ ಒಂದೊಂದಾಗಿ ಬಿಚ್ಚುತ್ತೇನೆ ಎಂದು ಅವರು ಮೊದಲೇ ಹೇಳಿದ್ದರು. ಮುಂದೆ ಯಾವ ವಕೀಲನೂ ಬೇಕೆಂದೇ ಹುಡುಕಿದರು ಎನ್ನಬಾರದು.

ಮೊದಲ ಚೀಲದಲ್ಲಿ ತೆಳು ಕಂದು. ಎರಡನೆಯದರಲ್ಲೂ ಅದೇ. ಐದನೆಯದು, ಎಂಟನೆಯದು. ಚಿಪ್ಪಿನ ಅಂಚು ಕುಯ್ದು ಅವರ ಬೆರಳಿನಿಂದ ರಕ್ತ ಬಂತು. ಹನ್ನೊಂದು. ರೊಸಾರಿಯೊ ಕಟ್ಟೆಯ ಮೇಲೆ ಕುಳಿತು ಪ್ರತೀಕನಿಗೆ ಏನೋ ಪಿಸುಗುಟ್ಟಿ ಬೈಯುತ್ತಿದ್ದ. ಹದಿನಾಲ್ಕು. ಎಲ್ಲವೂ ತೆಳು ಕಂದು. ಗಂಟೆ ನಾಲ್ಕಾಯಿತು. ಇನ್‌ಸ್ಪೆಕ್ಟರಿನ ಎರಡು ಕರೆ ಬಂತು. ಸ್ವರ್ಣಲತಾ ತೆಗೆಯಲಿಲ್ಲ.

ಎರಡನೆಯ ಸಾಲಿನ ನಾಲ್ಕನೆಯ ಚೀಲವನ್ನು ಸುರಿದಾಗ ಮೊದಲು ಬಿದ್ದದ್ದು ತೆಳು ಕಂದು ಅಲ್ಲ, ಕಪ್ಪು. ಕಪ್ಪುಬೂದಿ ಬಣ್ಣದ ನಲವತ್ತು ಐವತ್ತು ಅರ್ಧಗಳು, ಅವುಗಳ ಹಿಂದೆ ಚೀಲದ ತಳದಿಂದ ಹಳೆಯ ಕಂದು.

ಅವರು ಮಂಡಿಯೂರಿ ಕುಳಿತರು. ಠಾಣೆಯಿಂದ ತಂದಿದ್ದ ಮೂವತ್ತೊಂದರ ಪೊಟ್ಟಣ ಬಿಚ್ಚಿ ಒಂದನೆಯ ನಂಬರಿನ ಚಿಪ್ಪು ತೆಗೆದರು. ಮೊದಲನೆಯದು ಅಲ್ಲಾಡಿತು. ಎರಡನೆಯದು ದೊಡ್ಡದಾಯಿತು. ಒಂಬತ್ತನೆಯದು ಕುಳಿತಿತು. ಸಣ್ಣ ಸದ್ದು, ಡಬ್ಬಿಯ ಮುಚ್ಚಳ ಸರಿಯಾಗಿ ಕೂತಾಗಿನ ಹಾಗೆ. ಅಂಚಿನಲ್ಲಿ ಉಗುರು ತೂರುವಷ್ಟೂ ಸಂದಿಲ್ಲ. ಒಂದರ ಮೇಲಿನ ಗೆರೆ ಇನ್ನೊಂದರಲ್ಲಿ ಮುಂದುವರಿದಿತ್ತು.

"ನೋಡಿದಿರಾ?"

"ನೋಡಿದೆ," ಎಂದ ರೊಸಾರಿಯೊ. ಈಗ ಅವನ ಸ್ವರದಲ್ಲಿ ತಮಾಷೆಯಿರಲಿಲ್ಲ.

ಇನ್ನೊಂದು ಕೂಡಿತು. ಇನ್ನೂ ಒಂದು. ಏಳು ಜೋಡಿಯಾದ ಮೇಲೆ ಸ್ವರ್ಣಲತಾ ನಿಲ್ಲಿಸಿದರು. ಇಮೆಲ್ಡಾ ಮನೆಗೆ ಹೋಗಬಹುದು. ಈ ಸಂಜೆಯೇ. ಇಷ್ಟು ಸಾಕು.

"ವಿಠಲ, ಹತ್ತಿರ ಬಾ. ರ‍ಟ್ಟು ಸರಿಯಾಗಿ ಬರಬೇಕು. ನಂಬರು ಇಪ್ಪತ್ತಮೂರು. ದಿನ, ಭಾನುವಾರ."

ಯಾರೂ ಹತ್ತಿರ ಬರಲಿಲ್ಲ.

ಅವರು ತಲೆಯೆತ್ತಿದರು. ಮೊಬೈಲು ಹಿಡಿದ ಕೈ ಹಾಗೆಯೇ ಎತ್ತಿತ್ತು, ಆದರೆ ಕ್ಯಾಮೆರಾದ ಕಣ್ಣು ನೆಲ ನೋಡುತ್ತಿತ್ತು.

"ಮೇಡಂ, ಇದನ್ನು ನಾನು ಶೂಟ್ ಮಾಡುವ ಹಾಗಿಲ್ಲ ಅಲ್ವಾ?"

"ಯಾಕೆ?"

"ಇಪ್ಪತ್ತಮೂರು ನಮ್ಮ ಮನೆ. ಅಮ್ಮನ ಬಿಲ್ಲೆ."

ಬಾಗಿಲಲ್ಲಿ ತಾರಾನಾಥ ಮುಖ ತಿರುಗಿಸಿದರು.

ಸ್ವರ್ಣಲತಾ ಎದ್ದು ಮೊಬೈಲನ್ನು ಅವನ ಕೈಯಿಂದ ತೆಗೆದು ಪ್ರತೀಕನಿಗೆ ಕೊಟ್ಟರು. ನಿಲ್ಲಿಸಬೇಡ ಎಂದು ಸನ್ನೆ ಮಾಡಿದರು. ಸಿಟ್ಟು ಯಾರ ಮೇಲೆ ಬರಬೇಕೆಂದು ಅವರಿಗೆ ತಿಳಿಯಲಿಲ್ಲ. ತಾರಾನಾಥರು ಇದನ್ನು ಮೊದಲೇ ಹೇಳಬಹುದಿತ್ತು. ತಾವೇ ವಿಠಲನ ಮನೆಯ ನಂಬರನ್ನು ಮೊದಲ ದಿನವೇ ಕೇಳಬಹುದಿತ್ತು.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತಾ? ತುಟಿ ಜುಮ್ಮೆನ್ನುವುದು, ವಾಂತಿ?"

"ಇಲ್ಲ."

"ಭಾನುವಾರ ನೀನು ಮನೆಯಲ್ಲಿ ಮರುವಾಯಿ ತಿಂದೆಯಾ?"

"ಭಾನುವಾರ ಸಂಕ್ರಮಣ ಮೇಡಂ. ನಮ್ಮಲ್ಲಿ ಮೀನು ಮುಟ್ಟುವುದಿಲ್ಲ. ಅಮ್ಮ ಶನಿವಾರವೇ ಮೀನಿನ ಪಾತ್ರೆ ತೊಳೆದು ಕವುಚಿ ಹಾಕಿದ್ದರು. ಅವತ್ತು ಊಟ ಪಾಯಸ, ಅಲಸಂಡೆ ಪಲ್ಯ. ನಾನು ಬೆಳಿಗ್ಗೆಯೆಲ್ಲ ದೇವಸ್ಥಾನದಲ್ಲಿದ್ದೆ, ಊಟ ಮಾಡಿ ಎರಡು ಗಂಟೆಗೆ ಡ್ಯೂಟಿಗೆ ಬಂದೆ."

ಮಾತು ಮುಗಿಯುವಾಗ ಅವನಿಗೇ ಅರ್ಥವಾಯಿತು. ಸಂಕ್ರಮಣದ ದಿನ, ಮೀನು ಮುಟ್ಟದ ಮನೆಯಲ್ಲಿ, ಕೆಂಪು ನೀರಿನ ಮರುವಾಯಿ ಬೆಂದಿದೆ. ಮನೆಯವರಿಗೆ ಅಲ್ಲ.

ಹಾಗಿದ್ದೂ ಸಂಜೆ ನಾಲ್ಕಕ್ಕೆ ಅವನ ತಾಯಿ ಜಲಜಕ್ಕ ಚಿಪ್ಪುಗಳನ್ನು ಚೀಲಕ್ಕೆ ತುಂಬಿ, ಶೆಡ್ಡಿಗೆ ತಂದು, ಸಾಲಿನಲ್ಲಿ ನಿಂತು ಕೊಟ್ಟಿದ್ದರು. ನಲವತ್ತು ವರ್ಷದಿಂದ ಪ್ರತಿ ಭಾನುವಾರ ಮಾಡಿದ ಹಾಗೆ.

"ಬ್ಯಾಪ್ಟಿಸ್ಟರು ತೆಗೀಲಿಕ್ಕೆ ಹೊರಟದ್ದು ನಮ್ಮ ಅಮ್ಮನ ಬಿಲ್ಲೆ..." ಅವನು ತಲೆಯಲ್ಲಾಡಿಸಿದ. "ಅಮ್ಮ ಹಾಗೆ ಮಾಡುವವರಲ್ಲ ಮೇಡಂ. ಇಮೆಲ್ಡಾ ಬಾಯಿಗೆ ಊಟ ಸೇರುವುದಿಲ್ಲ ಅಂತ ಬೆಳಿಗ್ಗೆ ಅತ್ತವರು. ನಾಲ್ಕು ಗಂಟೆಗೇ ಎದ್ದು ಬೇರೆಯೇ ಒಲೆ ಹೊತ್ತಿಸಿ..."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬೇರೆಯೇ ಒಲೆ ಯಾಕೆ?"

"ಗೊತ್ತಿಲ್ಲ. ಕೇಳಿದೆ. 'ಇದು ನಿನಗಲ್ಲ, ಮುಟ್ಟಬೇಡ' ಅಂದರು."

ಸ್ವರ್ಣಲತಾ ಠಾಣೆಗೆ ಫೋನು ಮಾಡಿದರು. ಲೈನು ಬ್ಯುಸಿ. ಮೋಕ್ಷಾಳ ಮೊಬೈಲಿಗೆ ಮಾಡಿದರು. ಐದು ಸಲ ರಿಂಗಾಯಿತು.

"ಹಲೋ, ಮೇಡಂ? ಸಾಹೇಬರು ದಾರಿಯಲ್ಲಿದ್ದಾರಂತೆ, ನಿಮ್ಮನ್ನು..."

"ಬಾಯಿ ಊಟ ಮಾಡಿದರಾ?"

"ಹ್ಞಾಂ, ಈಗಷ್ಟೇ ಆಯ್ತು. ಬೇಡ ಬೇಡ ಅಂದರು. ನಾನೇ ಒತ್ತಾಯ ಮಾಡಿದೆ, ನೀವು ಹೇಳಿದ್ರಿ ಅಲ್ವಾ?"

"ಅವರನ್ನು ಕೂಡಲೇ ಸಿಕ್ಕಿದ ಗಾಡಿಯಲ್ಲಿ ಮಣಿಪಾಲಕ್ಕೆ ಕರಕೊಂಡು ಹೋಗು. ಯಾರನ್ನೂ ಕೇಳಬೇಡ. ಡಬ್ಬಿಯಲ್ಲಿ ಉಳಿದದ್ದನ್ನು ಹಾಗೇ ಮುಚ್ಚಿ ಇಡು. ಡಬ್ಬಿ ಎಲ್ಲಿ?"

ಆ ಕಡೆ ಎಲ್ಲೋ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಅದು ಬಾಯಿಯ ಹತ್ತಿರವೇ ಉಂಟು ಮೇಡಂ. ಹಿಂದೆ ನಳ್ಳಿಯಲ್ಲಿ ತೊಳೀತಾ ಇದ್ದಾರೆ. ಬೇರೆ ಮನೆಯ ಪಾತ್ರೆ ಎಂಜಲು ವಾಪಸು ಕೊಡಬಾರದಂತೆ."